ರಾಜ್ಯಾಂಗಶಿಲ್ಪಿ ಜೇಮ್ಸ್ ಮ್ಯಾಡಿಸನ್

ಅಮೆರಿಕದ ಪೌರರ ಹಕ್ಕುಗಳನ್ನು ಕುರಿತು ರಾಜ್ಯಶಾಸ್ತ್ರದ ತರಗತಿಯಲ್ಲಿ ಮೊದಲ ಬಾರಿ ಕೇಳಿದಾಗ, ಅವು ಆ ದೇಶದ ರಾಜ್ಯಾಂಗದೊಡನೆಯೇ ಹುಟ್ಟಿದುವೆಂದು ನಾನು ಭಾವಿಸಿದ್ದೆ. ಅದು ತಪ್ಪು. 1787ರಲ್ಲಿ ಸಿದ್ಧವಾದ ಮೂಲ ರಾಜ್ಯಾಂಗದಲ್ಲಿ ವಾಕ್ ಸ್ವಾತಂತ್ರ್ಯದ ಮಾತೇ ಇಲ್ಲ. ಪತ್ರಿಕಾ ಸ್ವಾತಂತ್ರ್ಯದ ಮಾತೂ ಇಲ್ಲ. ಅವು ಸೇರಿದ್ದು ಆಮೇಲೆ. ಸೇರಿಸಲು ಮುಂದಾದವರೋ, ಮೊದಲು ಅವು ಬೇಕಿಲ್ಲವೆಂದು ವಾದಿಸಿದ್ದ ಜೇಮ್ಸ್ ಮ್ಯಾಡಿಸನ್ನರು! ಈ ವಿಚಿತ್ರವೇ ಅವರ ಜೀವನವನ್ನು ಅರಿಯಬೇಕೆಂಬ ಕುತೂಹಲವನ್ನು ನನ್ನಲ್ಲಿ ಹುಟ್ಟಿಸಿತು.

ಮ್ಯಾಡಿಸನ್ನರು 1751ರ ಮಾರ್ಚ್ 16ರಂದು ವರ್ಜೀನಿಯಾದ ಸಿರಿವಂತ ಜಮೀನ್ದಾರರ ಮನೆತನದಲ್ಲಿ ಜನಿಸಿದರು. ಕುಳ್ಳು ದೇಹ, ಆಗಾಗ ಕೆಡುವ ಆರೋಗ್ಯ. ದನಿಯಂತೂ ಸಭಿಕರಿಗೆ ಎಷ್ಟೋ ಸಲ ಕೇಳಿಸದಷ್ಟು ಮೆಲ್ಲಗೆ. 1771ರಲ್ಲಿ ಪ್ರಿನ್ಸ್‌ಟನ್ನಿನ ಕಾಲೇಜಿನಿಂದ ಪದವೀಧರರಾಗಿ ಊರಿಗೆ ಮರಳಿದಾಗ, ರಾಜಮನ್ನಣೆ ಪಡೆದ ಇಂಗ್ಲೆಂಡಿನ ಚರ್ಚಿಗೆ ಸೇರದ ಬ್ಯಾಪ್ಟಿಸ್ಟ್ ಬೋಧಕರನ್ನು ಅಲ್ಲಿ ಸೆರೆಮನೆಗೆ ತಳ್ಳುತ್ತಿದ್ದರು. ಇದು ತರುಣನ ಮನಸ್ಸನ್ನು ಕಲಕಿತು. 1776ರಲ್ಲಿ ವರ್ಜೀನಿಯಾದ ಹಕ್ಕುಗಳ ಘೋಷಣೆ ಸಿದ್ಧವಾಗುತ್ತಿದ್ದಾಗ, ಅನ್ಯಮತಗಳನ್ನು ಸಹಿಸಿಕೊಳ್ಳುವುದೆಂಬ ಅರ್ಥದ ಮಾತಿನ ಬದಲು, ಮತಾಚರಣೆ ಎಲ್ಲರಿಗೂ ಸಮನಾದ ಹಕ್ಕು ಎಂಬ ಅರ್ಥ ಬರುವಂತೆ ತಿದ್ದಿಸಿದವರು ಇಪ್ಪತ್ತೈದರ ಈ ತರುಣರೇ. ಸಹನೆ ಕೊಡುವವನ ಕೃಪೆ. ಹಕ್ಕು ಹುಟ್ಟಿನಿಂದ ಬಂದದ್ದು. ಮರುವರ್ಷದ ಚುನಾವಣೆಯಲ್ಲಿ ಮತದಾರರಿಗೆ ಮದ್ಯ ಹಂಚಲು ಒಪ್ಪದೆ ಅವರು ಸೋತರೆಂಬುದೂ ಇಲ್ಲಿ ಸ್ಮರಣೀಯ.

ಸ್ವಾತಂತ್ರ್ಯ ಬಂದರೂ ಹದಿಮೂರು ಸಂಸ್ಥಾನಗಳ ಒಕ್ಕೂಟ ದುರ್ಬಲವಾಗಿತ್ತು. ಅದಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ಮಿತ್ರ ಜೆಫರ್ಸನ್ನರು ಪ್ಯಾರಿಸ್ಸಿನಿಂದ ಕಳುಹಿಸಿದ ಗ್ರಂಥಗಳನ್ನಿಟ್ಟುಕೊಂಡು, ಹಳೆಯ ಒಕ್ಕೂಟಗಳು ಏಕೆ ಮುರಿದುಬಿದ್ದುವೆಂದು ಮ್ಯಾಡಿಸನ್ನರು ವ್ಯಾಸಂಗ ಮಾಡಿದರು. 1787ರ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಫಿಲಡೆಲ್ಫಿಯಾದಲ್ಲಿ ನಡೆದ ಸಭೆಗೆ ಬಂದ 55 ಪ್ರತಿನಿಧಿಗಳಲ್ಲಿ ಅವರಷ್ಟು ಸಿದ್ಧತೆಯಿಂದ ಬಂದವರು ವಿರಳ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗಗಳು ಒಂದನ್ನೊಂದು ತಡೆಹಿಡಿಯುವಂತೆ ಅಧಿಕಾರ ಹಂಚಿಕೆಯಾಯಿತು. ಪ್ರತಿದಿನದ ಚರ್ಚೆಯನ್ನು ಅವರು ಬರೆದಿಟ್ಟುಕೊಂಡ ಟಿಪ್ಪಣಿಗಳು ಪ್ರಕಟವಾದದ್ದು ಅವರ ಮರಣಾನಂತರ, 1840ರಲ್ಲಿ.

ಆದರೆ ಹಕ್ಕುಗಳ ಪಟ್ಟಿಯಿಲ್ಲವೆಂದು ಜಾರ್ಜ್ ಮೇಸನ್ ಮುಂತಾದವರು ಆಕ್ಷೇಪವೆತ್ತಿದರು. ಕೇಂದ್ರಕ್ಕೆ ಕೊಟ್ಟಿರುವುದೇ ಕೆಲವು ಅಧಿಕಾರಗಳು, ಕೊಡದ ಅಧಿಕಾರಕ್ಕೆ ಬೇಲಿ ಏಕೆ ಎಂಬುದು ಮ್ಯಾಡಿಸನ್ನರ ವಾದ. ಬಹುಮತವೇ ಅನ್ಯಾಯಕ್ಕಿಳಿದಾಗ ಕಾಗದದ ಮೇಲಿನ ಬರಹ ಅದನ್ನು ತಡೆಯಲಾರದೆಂಬ ಶಂಕೆಯೂ ಅವರಿಗಿತ್ತು. 1788ರಲ್ಲಿ ವರ್ಜೀನಿಯಾ ರಾಜ್ಯಾಂಗವನ್ನು ಅಂಗೀಕರಿಸಿದ್ದು 89ಕ್ಕೆ 79 ಮತಗಳಿಂದ. ಅಂದರೆ ಕೇವಲ ಹತ್ತು ಮತಗಳ ಅಂತರ. ಜನರ ಭಯ ಹುಸಿಯಲ್ಲವೆಂದು ಅವರಿಗೆ ತಿಳಿಯಿತು. ಲಿಖಿತ ಹಕ್ಕುಗಳು ನ್ಯಾಯಾಧೀಶರ ಕೈಗೆ ಬಲ ಕೊಡುತ್ತವೆಂದು ಜೆಫರ್ಸನ್ನರೂ ಪತ್ರ ಬರೆದು ಒತ್ತಾಯಿಸಿದರು. ಜೇಮ್ಸ್ ಮನ್ರೋ ಅವರ ಎದುರು ಚುನಾವಣೆಗೆ ನಿಂತಾಗ, ಹಕ್ಕುಗಳನ್ನು ಸೇರಿಸುವುದಾಗಿ ಮಾತುಕೊಟ್ಟು ಮ್ಯಾಡಿಸನ್ನರು ಗೆದ್ದರು.

ಗೆದ್ದ ಮೇಲೆ ಮಾತು ಮರೆಯಲಿಲ್ಲ. ಈಗೇನು ಅವಸರವೆಂದು ಸದಸ್ಯರು ಗೊಣಗುತ್ತಿದ್ದರೂ 1789ರ ಜೂನ್ 8ರಂದು ಪ್ರತಿನಿಧಿ ಸಭೆಯಲ್ಲಿ ತಿದ್ದುಪಡಿಗಳನ್ನು ಮಂಡಿಸಿದರು. ಸಂಸ್ಥಾನಗಳ ಸರ್ಕಾರಗಳೂ ಕೆಲವು ಹಕ್ಕುಗಳಿಗೆ ಕೈಹಚ್ಚಬಾರದೆಂಬ ಅವರ ಸಲಹೆಯನ್ನು ಸೆನೆಟ್ ಕೈಬಿಟ್ಟಿತು. ಕಾಂಗ್ರೆಸ್ಸು ಕಳುಹಿಸಿದ ಹನ್ನೆರಡರಲ್ಲಿ ಹತ್ತು, 1791ರ ಡಿಸೆಂಬರ್ 15ರಂದು ಜಾರಿಗೆ ಬಂದುವು. ಮತ, ವಾಕ್, ಪತ್ರಿಕೆ, ಸಭೆಗಳ ಸ್ವಾತಂತ್ರ್ಯ, ಕಾರಣವಿಲ್ಲದ ಶೋಧನೆಯಿಂದ ರಕ್ಷಣೆ, ಜೂರಿ ವಿಚಾರಣೆ ಎಲ್ಲವೂ ಅವುಗಳಲ್ಲಿವೆ.

ಬರೆದವರಿಗೂ ಪರೀಕ್ಷೆಯ ಕಾಲ ಬಂತು. 1809ರಿಂದ 1817ರವರೆಗೆ ಅವರು ರಾಷ್ಟ್ರಾಧ್ಯಕ್ಷರು. 1812ರಲ್ಲಿ ಬ್ರಿಟನ್ನಿನೊಡನೆ ಯುದ್ಧವಾಯಿತು. 1814ರಲ್ಲಿ ಶತ್ರುಗಳು ಅಧ್ಯಕ್ಷ ಭವನವನ್ನೇ ಸುಟ್ಟರು. ಪತ್ರಿಕೆಗಳು ಅವರನ್ನು ನಿರ್ದಯವಾಗಿ ನಿಂದಿಸಿದುವು. ಆದರೂ ಟೀಕಾಕಾರರ ಬಾಯಿ ಮುಚ್ಚಿಸುವ ರಾಜದ್ರೋಹದ ಕಾನೂನನ್ನು ಅವರು ತರಲಿಲ್ಲ.

ಇಷ್ಟಾದರೂ ಅವರನ್ನು ಬರಿದೆ ಹೊಗಳಿ ಮುಗಿಸಲು ನನಗೆ ಮನಸ್ಸಾಗದು. ಹಕ್ಕುಗಳನ್ನು ಬರೆದ ಆ ಮಹನೀಯರ ಮಾಂಟ್‌ಪೀಲಿಯರ್ ಎಸ್ಟೇಟಿನಲ್ಲಿ ದುಡಿಯುತ್ತಿದ್ದವರು ನೀಗ್ರೋ ಗುಲಾಮರೆಂದು ಆಗ ಕರೆಸಿಕೊಳ್ಳುತ್ತಿದ್ದ ಆಫ್ರಿಕನ್ ಮೂಲದ ಜನ. ಗುಲಾಮಗಿರಿ ಕೇಡೆಂದು ಬಲ್ಲ ಮ್ಯಾಡಿಸನ್ನರು ತಮ್ಮ ಮರಣಪತ್ರದಲ್ಲೂ ಅವರನ್ನು ಬಿಡುಗಡೆ ಮಾಡಲಿಲ್ಲ. 1836ರ ಜೂನ್ 28ರಂದು ಅವರು ತೀರಿಕೊಂಡರು; ಗುಲಾಮಗಿರಿ ಕಾನೂನಿನಿಂದ ಅಳಿಯಲು 1865ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಉಳಿದ ಎರಡು ತಿದ್ದುಪಡಿಗಳಲ್ಲಿ ಒಂದು ಶಾಸಕರ ವೇತನದ ಬಗೆಗಿನದು. 1982ರಲ್ಲಿ ಟೆಕ್ಸಾಸಿನ ವಿದ್ಯಾರ್ಥಿಯೊಬ್ಬ, ಅದನ್ನು ಇನ್ನೂ ಅಂಗೀಕರಿಸಬಹುದೆಂದು ಪ್ರಬಂಧ ಬರೆದು ಸಾಧಾರಣ ದರ್ಜೆಯ ಅಂಕ ಪಡೆದ. ಆತ ಎದೆಗುಂದದೆ ಸಂಸ್ಥಾನಗಳ ಶಾಸಕರಿಗೆ ಪತ್ರ ಬರೆಯತೊಡಗಿದ. 1992ರಲ್ಲಿ ಅದು ಇಪ್ಪತ್ತೇಳನೆಯ ತಿದ್ದುಪಡಿಯಾಗಿ ರಾಜ್ಯಾಂಗವನ್ನು ಸೇರಿತು. 2017ರಲ್ಲಿ ಆತನ ಅಂಕವನ್ನೂ ತಿದ್ದಿದರಂತೆ!

ಎದುರಾಳಿಯ ಮಾತಿನಲ್ಲಿ ಸತ್ಯವಿದ್ದರೆ ಒಪ್ಪಿ, ಕೊಟ್ಟ ಮಾತನ್ನು ನಡೆಸಿದ್ದು ಮ್ಯಾಡಿಸನ್ನರ ಹಿರಿಮೆ. ಆ ಸತ್ಯವನ್ನು ತಮ್ಮ ಮನೆಯ ಅಂಗಳದವರೆಗೆ ಒಯ್ಯದಿದ್ದುದು ಅವರ ಕೊರತೆ. ಎರಡನ್ನೂ ನೆನೆಯುವುದು ನಮಗೆ ಲೇಸು.