ಪ್ಲಗ್ ಮೇಲಿದ್ದ ಹೆಸರಿನ ಮನುಷ್ಯ

ಕಳೆದ ದೀಪಾವಳಿಗೆ ಪುಣೆಯಿಂದ ದಾವಣಗೆರೆಗೆ ಹೊರಟಿದ್ದೆವು. ಕಾರಿನಲ್ಲಿ ಹೆಂಡತಿ, ನಾಲ್ಕು ವರ್ಷದ ಮಗಳು, ಡಿಕ್ಕಿ ತುಂಬ ಊರಿಗೆ ಒಯ್ಯುವ ಚೀಲಗಳು. ಖಂಬಾಟ್ಕಿ ಘಾಟ್‌ನ ಏರು ಅರ್ಧ ಮುಗಿಯುವಷ್ಟರಲ್ಲಿ ಎಂಜಿನ್ ಟಕಟಕ ಎನ್ನತೊಡಗಿತು. ಎಷ್ಟು ಒತ್ತಿದರೂ ಕಾರು ಎಳೆಯುತ್ತಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಮಿಣುಕುತ್ತಿದೆ. ಹಿಂದೆ ಲಾರಿಗಳ ಸಾಲು, ಹಾರ್ನ್ ಸದ್ದು. ತೆವಳಿಕೊಂಡು ಘಾಟ್ ದಾಟಿ, ಸಾತಾರಾದ ಹೊರಗಿನ ಗ್ಯಾರೇಜೊಂದನ್ನು ಸೇರುವ ಹೊತ್ತಿಗೆ ನನ್ನ ಅಂಗಿ ಬೆವರಿನಲ್ಲಿ ತೊಯ್ದಿತ್ತು.

ನನ್ನದು ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಸಾಲದೆಂಬಂತೆ ರೀಮ್ಯಾಪ್ ಮಾಡಿಸಿ ಅದರ ಶಕ್ತಿಯನ್ನು ಇನ್ನಷ್ಟು ಹೆಚ್ಚಿಸಿಕೊಂಡಿದ್ದೆ. ಶಕ್ತಿ ಹೆಚ್ಚಿದರೆ ಸಿಲಿಂಡರಿನ ಒಳಗೆ ಬಿಸಿಯೂ ಹೆಚ್ಚುತ್ತದೆ. ಆ ಬಿಸಿಯನ್ನು ಬೇಗ ಹೊರಗೆ ಸಾಗಿಸುವ, ಒಂದು ಮೆಟ್ಟಿಲು ‘ತಂಪಾದ’ ಸ್ಪಾರ್ಕ್ ಪ್ಲಗ್ ಬೇಕು ಎಂದು ಓದಿಕೊಂಡಿದ್ದೆ. ಕಾರಿನಲ್ಲಿದ್ದ ಎನ್‌ಜಿಕೆ ಪ್ಲಗ್‌ನ ಹೀಟ್ ರೇಂಜ್ 7. ಬಾಷ್ ಪ್ಲಗ್‌ನಲ್ಲಿ 8 ಸಿಕ್ಕಿತು. ಏಳರ ನಂತರ ಎಂಟು, ಅಂದರೆ ಒಂದು ಮೆಟ್ಟಿಲು ತಂಪು ಎಂದುಕೊಂಡು ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ನಾನೇ ಬಿಚ್ಚಿ ಕೂರಿಸಿದ್ದೆ. ಎಂಟೆಕ್ ಮಾಡಿದವನ ಧೈರ್ಯ!

ಗ್ಯಾರೇಜಿನ ಹಿರಿಯ ಮೆಕ್ಯಾನಿಕ್ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದರು. ತಿಳಿಗಂದು ಬಣ್ಣದಲ್ಲಿರಬೇಕಿದ್ದ ತುದಿಯ ಪಿಂಗಾಣಿ ಬೆಳ್ಳಗೆ ಸುಟ್ಟಿತ್ತು. ನಾನು ಬಾಷ್ ಕಂಪನಿಯನ್ನು ಬಾಯಿಗೆ ಬಂದಂತೆ ಬೈದೆ. ಅವರು ನಗುತ್ತಾ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ವಿವರಿಸಿದರು. ಎನ್‌ಜಿಕೆಯಲ್ಲಿ ಅಂಕಿ ಏರಿದಷ್ಟೂ ಪ್ಲಗ್ ತಂಪು, ಬಾಷ್‌ನಲ್ಲಿ ಅಂಕಿ ಏರಿದಷ್ಟೂ ಬಿಸಿ. ತಂಪಾದದ್ದು ಹಾಕಿದೆ ಎಂದುಕೊಂಡವನು ಎರಡು ಮೆಟ್ಟಿಲು ಬಿಸಿಯಾದದ್ದನ್ನು ಹಾಕಿದ್ದೆ. ಇನ್ನಷ್ಟು ದೂರ ಹೀಗೇ ಓಡಿಸಿದ್ದರೆ ಪಿಸ್ಟನ್ ಕರಗಬಹುದಿತ್ತು. ಪುಣ್ಯಕ್ಕೆ ಹಳೆಯ ಪ್ಲಗ್‌ಗಳು ಡಿಕ್ಕಿಯಲ್ಲೇ ಇದ್ದವು. ಅವನ್ನೇ ಮತ್ತೆ ಹಾಕಿಸಿ ಊರು ತಲುಪಿದೆವು.

ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಎಲ್ಲ ಹೇಳಿದೆ. ಅವರ ಹಳೆಯ ಸ್ಕೂಟರಿನ ಡಿಕ್ಕಿಯಲ್ಲಿ ಒಂದು ಮೈಕೋ ಪ್ಲಗ್ ಸದಾ ಇರುತ್ತಿತ್ತು. ಸ್ಕೂಟರ್ ಕೆಮ್ಮಿ ನಿಂತರೆ ಪ್ಲಗ್ ಬಿಚ್ಚಿ, ಎಮರಿ ಕಾಗದದಲ್ಲಿ ತಿಕ್ಕಿ, ಊದಿ ಮತ್ತೆ ಹಾಕುತ್ತಿದ್ದರು. ತಪ್ಪು ನಿನ್ನದು, ಸತ್ತು ಎಷ್ಟೋ ವರ್ಷವಾದ ಆ ಜರ್ಮನಿಯವನನ್ನು ಯಾಕೋ ಬೈತೀಯ ಎಂದರು. ಬಾಷ್ ಎಂಬುದು ಒಬ್ಬ ಮನುಷ್ಯನ ಹೆಸರು ಎಂದು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ. ರಜೆಯ ಉಳಿದ ದಿನಗಳನ್ನು ಅವನ ಬದುಕಿನ ಬಗ್ಗೆ ಓದುವುದರಲ್ಲಿ ಕಳೆದೆ.

ರಾಬರ್ಟ್ ಬಾಷ್ ಹುಟ್ಟಿದ್ದು 1861ರ ಸೆಪ್ಟೆಂಬರ್ 23ರಂದು, ದಕ್ಷಿಣ ಜರ್ಮನಿಯ ಉಲ್ಮ್ ಪಟ್ಟಣದ ಹತ್ತಿರದ ಆಲ್ಬೆಕ್ ಎಂಬ ಹಳ್ಳಿಯಲ್ಲಿ. ಹನ್ನೆರಡು ಮಕ್ಕಳಲ್ಲಿ ಹನ್ನೊಂದನೆಯವನು. ಅಪ್ಪ ಜಮೀನಿದ್ದ ರೈತ, ಜೊತೆಗೆ ಹೆದ್ದಾರಿ ಪ್ರಯಾಣಿಕರಿಗೆ ಊಟ, ವಸತಿ ಕೊಡುವ ಛತ್ರವೊಂದನ್ನು ನಡೆಸುತ್ತಿದ್ದ, ಓದಿನ ಹುಚ್ಚಿದ್ದ ಮನುಷ್ಯ. ಶಾಲೆ ಮುಗಿಸಿದ ಹುಡುಗ ಉಲ್ಮ್‌ನ ಒಬ್ಬ ಸೂಕ್ಷ್ಮಯಂತ್ರ ಕುಶಲಕರ್ಮಿಯ ಬಳಿ ಕೆಲಸ ಕಲಿಯಲು ಸೇರಿದ. ಗುರು ಅಂಗಡಿಯಲ್ಲಿ ಇರುತ್ತಿದ್ದುದೇ ಅಪರೂಪ. ಸರಿಯಾಗಿ ಕಲಿಸಲಿಲ್ಲ ಎಂಬ ಕೊರಗು ಬಾಷ್‌ಗೆ ಕೊನೆಯವರೆಗೂ ಇತ್ತು. ಮುಂದೆ 1913ರಲ್ಲಿ ತನ್ನ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಹುಡುಗರಿಗೆಂದೇ ಆತ ಪ್ರತ್ಯೇಕ ವರ್ಕ್‌ಶಾಪ್ ತೆರೆದ.

ನಮ್ಮ ಹಾಗೆ ಅವನೂ ಕೆಲಸಕ್ಕಾಗಿ ಊರು ಬಿಟ್ಟವನು. 1884ರಲ್ಲಿ ಅಮೆರಿಕಕ್ಕೆ ಹೋಗಿ ಎಡಿಸನ್‌ನ ಕಂಪನಿಯಲ್ಲಿ ದುಡಿದ. ನಂತರ ಇಂಗ್ಲೆಂಡಿನಲ್ಲಿ ಸೀಮೆನ್ಸ್ ಸೇರಿದ. 1886ರ ನವೆಂಬರ್ 15ರಂದು ಸ್ಟುಟ್‌ಗಾರ್ಟ್ ನಗರದ ಒಂದು ಕಟ್ಟಡದ ಹಿತ್ತಿಲಿನಲ್ಲಿ ತನ್ನದೇ ವರ್ಕ್‌ಶಾಪ್ ಶುರು ಮಾಡಿದ. ಜೊತೆಗೆ ಇದ್ದವರು ಇಬ್ಬರೇ: ಒಬ್ಬ ಮೆಕ್ಯಾನಿಕ್, ಒಬ್ಬ ಚಿಲ್ಲರೆ ಕೆಲಸದ ಹುಡುಗ. ದೂರವಾಣಿ ಜೋಡಿಸುವುದು, ಕರೆಗಂಟೆ ಹಾಕುವುದು, ಹೀಗೆ ಸಿಕ್ಕ ಕೆಲಸವನ್ನೆಲ್ಲ ಒಪ್ಪಿಕೊಳ್ಳುತ್ತಿದ್ದ. ಗಿರಾಕಿಗಳ ಮನೆಗೆ ಸೈಕಲ್ ತುಳಿದುಕೊಂಡು ಹೋಗಿ ಕೆಲಸ ಪರೀಕ್ಷಿಸುತ್ತಿದ್ದ. 1890ರ ದಶಕದ ಆರಂಭದಲ್ಲಿ ವ್ಯಾಪಾರ ಕುಸಿದಾಗ ಹೆಚ್ಚಿನ ಕೆಲಸಗಾರರನ್ನು ಮನೆಗೆ ಕಳುಹಿಸಬೇಕಾಯಿತು.

ಅವನನ್ನು ಉಳಿಸಿದ್ದು ಕಿಡಿ. 1887ರಲ್ಲಿ ಗಿರಾಕಿಯೊಬ್ಬ ನಿಂತಲ್ಲೇ ಓಡುವ ಎಂಜಿನ್‌ಗೆ ಮ್ಯಾಗ್ನೆಟೊ ಮಾಡಿಕೊಡಲು ಕೇಳಿದ್ದ. ಬ್ಯಾಟರಿಯ ಹಂಗಿಲ್ಲದೆ, ಅಯಸ್ಕಾಂತದ ನೆರವಿನಿಂದ ವಿದ್ಯುತ್ ಹುಟ್ಟಿಸಿ ಕಿಡಿ ಕೊಡುವ ಸಾಧನ ಅದು. ಬೇರೊಂದು ಕಂಪನಿಯ ಎಂಜಿನ್‌ನಲ್ಲಿದ್ದ ಇಂಥದೇ ಸಾಧನವನ್ನು ನೋಡಿ, ಅದಕ್ಕೆ ಪೇಟೆಂಟ್ ಇಲ್ಲವೆಂದು ಖಚಿತಪಡಿಸಿಕೊಂಡು, ಸುಧಾರಿಸಿ ಮಾಡಿಕೊಟ್ಟ. ಬಾಷ್ ಮಹಾ ಸಂಶೋಧಕನೇನೂ ಅಲ್ಲ ಎಂಬುದು ಇಲ್ಲೇ ತಿಳಿಯುತ್ತದೆ. ಇನ್ನೊಬ್ಬರು ಮಾಡಿದ್ದನ್ನು ಕೆಡದ ಹಾಗೆ ಮಾಡುವುದು ಅವನ ಕಸುಬು.

1897ರಲ್ಲಿ ಮೂರು ಚಕ್ರದ ಡಿ ಡಿಯೊನ್-ಬೂಟನ್ ವಾಹನವೊಂದು ವರ್ಕ್‌ಶಾಪಿಗೆ ಬಂತು. ಅದರ ಪುಟ್ಟ ಎಂಜಿನ್‌ನ ವೇಗಕ್ಕೆ ಹಳೆಯ ಮ್ಯಾಗ್ನೆಟೊ ಸಾಟಿಯಾಗುತ್ತಿರಲಿಲ್ಲ. ಭಾರದ ಆರ್ಮೇಚರ್ ಬದಲು ಹಗುರವಾದ ಲೋಹದ ಕವಚವನ್ನು ಆಡಿಸುವ ಉಪಾಯ ಹೊಳೆದದ್ದು ಫೋರ್‌ಮನ್ ಆರ್ನಾಲ್ಡ್ ಸೆರಿಂಗರ್‌ಗೆ. ಮುಂದಿನ ಹೆಜ್ಜೆ ಗಾಟ್ಲೋಬ್ ಹೊನೊಲ್ಡ್‌ನದು. ಹುಡುಗನಾಗಿದ್ದಾಗ ಇದೇ ವರ್ಕ್‌ಶಾಪಿನಲ್ಲಿ ಕೆಲಸ ಕಲಿತು, ಎಂಜಿನಿಯರಿಂಗ್ ಓದಿ, 1901ರಲ್ಲಿ ವಾಪಸ್ ಬಂದವನು ಈತ. ಮರುವರ್ಷವೇ ಹೈವೋಲ್ಟೇಜ್ ಮ್ಯಾಗ್ನೆಟೊ ಮತ್ತು ಅದಕ್ಕೆ ತಕ್ಕ ಸ್ಪಾರ್ಕ್ ಪ್ಲಗ್ ಸಿದ್ಧಪಡಿಸಿದ. ಸಿಲಿಂಡರಿನ ಒಳಗೆ ಅಲುಗಾಡುವ ಭಾಗಗಳ ಕಾಟ ತಪ್ಪಿತು. ಎರಡು ಲೋಹದ ತುದಿಗಳ ನಡುವಿನ ಸಣ್ಣ ಸಂದಿನಲ್ಲಿ ಕಿಡಿ ಹಾರಿತು. ಇಂದು ನಮ್ಮ ಕಾರುಗಳಲ್ಲಿ ಹಾರುವುದೂ ಹಾಗೆಯೇ.

1906ರಲ್ಲಿ ಒಂದು ಲಕ್ಷದ ಮ್ಯಾಗ್ನೆಟೊ ತಯಾರಾಯಿತು. ಅದೇ ವರ್ಷ ಬಾಷ್ ಕಾರ್ಖಾನೆಯಲ್ಲಿ ದಿನಕ್ಕೆ ಎಂಟು ಗಂಟೆಯ ದುಡಿಮೆ ಜಾರಿಗೆ ತಂದ. ಉಳಿದ ಮಾಲೀಕರು ಅವನನ್ನು ಕೆಂಪು ಬಾಷ್ ಎಂದು ಆಡಿಕೊಂಡರು. ಅವನ ಲೆಕ್ಕ ಸರಳವಾಗಿತ್ತು: ದಣಿದ ಕೈ ಒಳ್ಳೆಯ ಮಾಲು ಮಾಡುವುದಿಲ್ಲ. ಯಾರಾದರೂ ತನ್ನ ಮಾಲನ್ನು ಪರೀಕ್ಷಿಸಿ ಕಳಪೆ ಎಂದು ತೋರಿಸಿಯಾರು ಎಂಬ ಯೋಚನೆಯೇ ಅವನಿಗೆ ಸಹಿಸಲಾಗುತ್ತಿರಲಿಲ್ಲ. ಹಣ ಹೋದರೂ ಸರಿ, ಜನರ ನಂಬಿಕೆ ಹೋಗಬಾರದು ಎಂಬುದು ಅವನ ನಿಲುವು.

ಆದರೆ ಇದು ಬರೀ ಒಳ್ಳೆಯತನದ ಕತೆಯಲ್ಲ. 1913ರಲ್ಲಿ ಅವನ ಕಾರ್ಖಾನೆಯಲ್ಲೇ ದೊಡ್ಡ ಮುಷ್ಕರವಾಯಿತು. ಆ ಕಹಿಯಲ್ಲಿ ಆತ ಮಾಲೀಕರ ಸಂಘ ಸೇರಿದ. ಮೊದಲ ಮಹಾಯುದ್ಧ ಅವನ ಕಂಪನಿಗೆ ಲಾಭ ತಂದಿತು. ಆ ಹಣ ಇಟ್ಟುಕೊಳ್ಳಲು ಮನಸ್ಸೊಪ್ಪದೆ ನೆಕ್ಕಾರ್ ನದಿಯ ಜಲಮಾರ್ಗದಂಥ ಸಾರ್ವಜನಿಕ ಕೆಲಸಗಳಿಗೆ ದೊಡ್ಡ ಮೊತ್ತ ಕೊಟ್ಟ. 1921ರಲ್ಲಿ ಮಗ ದೀರ್ಘ ಕಾಯಿಲೆಯಿಂದ ತೀರಿಕೊಂಡ. ಕೆಲವೇ ವರ್ಷಗಳಲ್ಲಿ ಮೊದಲ ಮದುವೆಯೂ ಮುರಿಯಿತು.

ಹಿಟ್ಲರ್ ಬಂದಾಗ ಬಾಷ್‌ಗೆ ಎಪ್ಪತ್ತು ದಾಟಿತ್ತು. ಫ್ರಾನ್ಸ್ ಮತ್ತು ಜರ್ಮನಿ ಸ್ನೇಹದಿಂದ ಇರಬೇಕೆಂದು ಹಂಬಲಿಸಿದ್ದ ಮುದುಕನಿಗೆ ಆ ಆಡಳಿತ ಹಿಡಿಸಲಿಲ್ಲ. ಹಿಟ್ಲರ್‌ನ ವಿರೋಧಿ ಕಾರ್ಲ್ ಗೋರ್ಡೆಲರ್‌ಗೆ 1937ರಲ್ಲಿ ಕಂಪನಿ ಸಲಹೆಗಾರನ ಕೆಲಸ ಕೊಟ್ಟು ನೆರಳಾಯಿತು. ಯಹೂದಿಗಳಿಗೂ ಸಹಾಯ ಮಾಡಿತು. ಅದೇ ಕಂಪನಿ ಯುದ್ಧಸಾಮಗ್ರಿಯನ್ನೂ ತಯಾರಿಸಿತು, ಬಲವಂತದಿಂದ ಹಿಡಿದು ತಂದ ಸಾವಿರಾರು ಜನರನ್ನು ದುಡಿಸಿಕೊಂಡಿತು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡಲಾಗದು. 1942ರ ಮಾರ್ಚ್ 12ರಂದು ಬಾಷ್ ತೀರಿಕೊಂಡಾಗ ಅವನಿಗೆ ಇಷ್ಟವಿಲ್ಲದ ಅದೇ ಸರ್ಕಾರ ಸಕಲ ಗೌರವದಿಂದ ಅಂತ್ಯಕ್ರಿಯೆ ನಡೆಸಿತು. ಗೋರ್ಡೆಲರ್‌ನನ್ನು 1945ರ ಫೆಬ್ರುವರಿಯಲ್ಲಿ ಗಲ್ಲಿಗೇರಿಸಿತು.

ತನ್ನ ಆಸ್ತಿ ಸಮಾಜಕ್ಕೆ ಸಲ್ಲಬೇಕೆಂಬುದು ಅವನ ಇಚ್ಛೆಯಾಗಿತ್ತು. ಇಂದು ಕಂಪನಿಯ ಸುಮಾರು ಶೇ 94ರಷ್ಟು ಪಾಲು ಅವನ ಹೆಸರಿನ ದತ್ತಿಸಂಸ್ಥೆಯದು. ಬದುಕಿದ್ದಾಗಲೇ ಕಟ್ಟಿಸಿದ, 1940ರಲ್ಲಿ ಬಾಗಿಲು ತೆರೆದ ಸ್ಟುಟ್‌ಗಾರ್ಟ್‌ನ ಆಸ್ಪತ್ರೆಯೂ ನಡೆಯುತ್ತಿದೆ. ಅವನು ಸತ್ತು ಒಂಬತ್ತು ವರ್ಷಕ್ಕೆ, 1951ರಲ್ಲಿ, ಭಾರತದಲ್ಲಿ ಮೈಕೋ ಹುಟ್ಟಿತು. ಬೆಂಗಳೂರಿನ ಆಡುಗೋಡಿಯಲ್ಲಿ ಬೇರೂರಿ, ಒಂದು ಬಡಾವಣೆಗೆ ತನ್ನ ಹೆಸರನ್ನೇ ಕೊಟ್ಟಿತು. ಅಪ್ಪನ ಸ್ಕೂಟರಿನ ಪ್ಲಗ್ ಬಂದದ್ದು ಆ ದಾರಿಯಲ್ಲಿ.

ಪುಣೆಗೆ ಮರಳಿದ ಮೇಲೆ ಮತ್ತೆ ಪ್ಲಗ್ ಕೊಂಡೆ. ಈ ಸಲ ಅಂಕಿ ನೋಡಿ ಊಹಿಸಲಿಲ್ಲ. ನನ್ನ ಎಂಜಿನ್‌ನ ಕೋಡ್ ಹಿಡಿದು ತಯಾರಕರ ಪಟ್ಟಿ ನೋಡಿದೆ, ರೀಮ್ಯಾಪ್ ಮಾಡಿದವರನ್ನು ವಿಚಾರಿಸಿದೆ, ಸಂದಿಯನ್ನು ಫೀಲರ್ ಗೇಜಿನಿಂದ ಅಳೆದೆ, ಟಾರ್ಕ್ ರೆಂಚ್ ಎರವಲು ತಂದು ಬಿಗಿದೆ. ನಿಮ್ಮಲ್ಲೂ ಇಂಥ ಚುರುಕಿನ ಕಾರಿದ್ದರೆ ಇಷ್ಟು ಮಾಡಿ. ಕಂಪನಿ ಬದಲಾದರೆ ಅಂಕಿಯ ಅರ್ಥವೂ ತಿರುಗಿಬಿಡಬಹುದು ಎಂಬುದು ನೆನಪಿರಲಿ.

ಸುಟ್ಟ ಪ್ಲಗ್‌ಗಳಲ್ಲಿ ಒಂದನ್ನು ಆಫೀಸಿನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಪರೀಕ್ಷಿಸದ ಕೋಡನ್ನು ಶುಕ್ರವಾರ ಸಂಜೆ ಬಿಡುಗಡೆ ಮಾಡಿ ಮನೆಗೆ ಓಡೋಣ ಎನಿಸಿದಾಗ ಕಣ್ಣು ಅದರ ಮೇಲೆ ಬೀಳುತ್ತದೆ. ಬಿಳಿಚಿದ ತುದಿ, ಪಕ್ಕದಲ್ಲಿ ಒಬ್ಬ ಮನುಷ್ಯನ ಹೆಸರು. ಮತ್ತೆ ಕೂತು ಇನ್ನೊಮ್ಮೆ ಟೆಸ್ಟ್ ಓಡಿಸುತ್ತೇನೆ.