ಬೀದರಿನಿಂದ ಗೋಲ್ಕೊಂಡಕ್ಕೆ: ಕರಿಕುರಿ ಕುಲದ ಸುಲ್ತಾನ್ ಕುಲಿ

ಗೋಲ್ಕೊಂಡವನ್ನು ಸುಮಾರು 170 ವರ್ಷ ಆಳಿದ ಕುತುಬ್‌ಶಾಹಿ ಮನೆತನದ ಮೂಲಪುರುಷ ಸುಲ್ತಾನ್ ಕುಲಿ, ತಾಯ್ನೆಲದಲ್ಲಿ ನೆಲೆ ಕಳೆದುಕೊಂಡು ದಖ್ಖನಿಗೆ ಬಂದ ತುರ್ಕಮನ್ ತರುಣ. ಹೆಸರಿನಲ್ಲಿರುವ ‘ಸುಲ್ತಾನ್’ ಅವನ ಪದವಿಯಲ್ಲ, ಹುಟ್ಟುಹೆಸರಿನದೇ ಭಾಗ.

ಮಧ್ಯ ಏಷ್ಯಾದ ಪ್ರಾಚೀನ ಓಘುಜ್ ತುರ್ಕರ ಕವಲುಗಳಲ್ಲಿ ಕರಾ ಕೊಯುನ್ಲು ಒಂದು. ಕರಿಕುರಿಯವರು ಎಂಬುದು ಆ ಹೆಸರಿನ ಅರ್ಥ. 15ನೇ ಶತಮಾನದಲ್ಲಿ ತಬ್ರೀಜ್ ನಗರವನ್ನು ರಾಜಧಾನಿಯಾಗಿಸಿಕೊಂಡು ಇರಾನ್, ಇರಾಕ್‌ಗಳ ಬಹುಭಾಗವನ್ನು ಆಳುತ್ತಿದ್ದ ಈ ಕುಲದ ಬಲ, 1467ರಲ್ಲಿ ದೊರೆ ಜಹಾನ್ ಶಾ ಹತನಾದೊಡನೆ ಕುಸಿಯಿತು. ಗೆದ್ದವನು ಅಕ್ ಕೊಯುನ್ಲು, ಅಂದರೆ ಬಿಳಿಕುರಿ ಕುಲದ ಉಜುನ್ ಹಸನ್. ಸೋತ ರಾಜಮನೆತನದವರಿಗೆ ಅಲ್ಲಿ ಉಳಿಗಾಲವಿರಲಿಲ್ಲ.

ಆ ಮನೆತನದ ಕುಡಿಯಾದ ಸುಲ್ತಾನ್ ಕುಲಿ ಹಮದಾನ್ ಪ್ರಾಂತದವನು. ಚಿಕ್ಕಪ್ಪ ಅಲ್ಲಾ ಕುಲಿಯೊಂದಿಗೆ ಬಹಮನಿ ರಾಜಧಾನಿ ಬೀದರಿಗೆ ಬಂದ. ಹೊರನಾಡಿನ ಸರದಾರರಿಗೂ ಸ್ಥಳೀಯ ದಖ್ಖನಿ ಸರದಾರರಿಗೂ ಅಲ್ಲಿ ತೀವ್ರ ವೈಷಮ್ಯವಿತ್ತು. ಅದರ ಫಲವಾಗಿಯೇ 1481ರಲ್ಲಿ ಪ್ರಧಾನಿ ಮಹಮೂದ್ ಗವಾನ್ ತಲೆದಂಡ ತೆತ್ತಿದ್ದ. 1487ರಲ್ಲಿ ಅರಮನೆಯ ಮೇಲೆ ದಂಗೆಕೋರರು ಎರಗಿದಾಗ ಮಹಮೂದ್ ಶಾನ ಪ್ರಾಣ ಉಳಿಸಿದವರಲ್ಲಿ ಸುಲ್ತಾನ್ ಕುಲಿಯೂ ಒಬ್ಬನೆಂದು ಚರಿತ್ರೆಕಾರರು ಹೇಳುತ್ತಾರೆ. ಮುಂದೆ ಕುತುಬ್-ಉಲ್-ಮುಲ್ಕ್ ಬಿರುದು, ತೆಲಂಗಾಣದ ಆಡಳಿತ ಅವನಿಗೆ ಒಲಿದವು.

ಗೋಲ್ಕೊಂಡದ ಮಣ್ಣಿನ ಕೋಟೆಯನ್ನು ಅವನು ಕಲ್ಲಿನಿಂದ ಭದ್ರಪಡಿಸಿದ. ಬಿಜಾಪುರ, ಅಹಮದ್‌ನಗರಗಳ ಸರದಾರರು ಬಹಳ ಹಿಂದೆಯೇ ಸ್ವತಂತ್ರರಾಗಿದ್ದರೂ, ಅವನು 1518ರವರೆಗೆ ಬಹಮನಿ ದೊರೆಗೆ ನಿಷ್ಠೆ ತೋರಿದ. ಬಳಿಕವೂ ಔಪಚಾರಿಕವಾಗಿ ರಾಜಪದವಿ ಧರಿಸಲಿಲ್ಲವೆಂಬುದು ಹಲವು ಇತಿಹಾಸಕಾರರ ಅಭಿಪ್ರಾಯ.

ಶತ್ರುಕುಲದ ಕತ್ತಿಯಿಂದ ಪಾರಾದವನಿಗೆ ಮನೆಯೊಳಗಿನ ಕತ್ತಿಯಿಂದ ರಕ್ಷಣೆ ಸಿಗಲಿಲ್ಲ. 1543ರಲ್ಲಿ ವಯೋವೃದ್ಧ ಸುಲ್ತಾನ್ ಕುಲಿ ಪ್ರಾರ್ಥನೆಯಲ್ಲಿದ್ದಾಗ ಮಗ ಜಮ್‌ಶೀದ್‌ನ ಸಂಚಿಗೆ ಬಲಿಯಾದ. ಜಮ್‌ಶೀದ್ ಅಣ್ಣನ ಕಣ್ಣು ಕೀಳಿಸಿದ. ತಮ್ಮ ಇಬ್ರಾಹಿಂ ತಪ್ಪಿಸಿಕೊಂಡು ವಿಜಯನಗರದಲ್ಲಿ ರಾಮರಾಯನ ಆಶ್ರಯ ಪಡೆದ. ತಂದೆಯಂತೆ ಅವನೂ ಪರನಾಡಿನಲ್ಲಿ ಜೀವ ಉಳಿಸಿಕೊಂಡ.

1550ರಲ್ಲಿ ಪಟ್ಟವೇರಿದ ಇಬ್ರಾಹಿಂ ತೆಲುಗು ಕವಿಗಳ ಪೋಷಕನಾಗಿ ಮಲ್ಕಿಭರಾಮನೆನಿಸಿಕೊಂಡ. ಆದರೆ 1565ರ ರಕ್ಕಸ-ತಂಗಡಿ ಕಾಳಗದಲ್ಲಿ ಆಶ್ರಯದಾತನ ವಿರುದ್ಧವೇ ನಿಂತ. ಅವನ ಮಗ ಮುಹಮ್ಮದ್ ಕುಲಿ 1591ರಲ್ಲಿ ಹೈದರಾಬಾದ್ ನಗರ ಸ್ಥಾಪಿಸಿ, ದಖ್ಖನಿ ಭಾಷೆಯಲ್ಲಿ ಕಾವ್ಯ ರಚಿಸಿದ.

1687ರಲ್ಲಿ ಔರಂಗಜೇಬ್ ಗೋಲ್ಕೊಂಡವನ್ನು ಗೆಲ್ಲುವುದರೊಂದಿಗೆ ವಂಶದ ಆಳ್ವಿಕೆ ಮುಗಿಯಿತು. ಕರಿಕುರಿ ಕುಲದ ಈ ಶಾಖೆ ಅಷ್ಟರಲ್ಲಿ ಮಾತಿನಲ್ಲೂ ಬಾಳಿನಲ್ಲೂ ದಖ್ಖನಿನದೇ ಆಗಿತ್ತು. ಕೋಟೆಯ ಸಮೀಪ, ಬದುಕಿದ್ದಾಗಲೇ ತನಗಾಗಿ ಕಟ್ಟಿಸಿಕೊಂಡ ಸಮಾಧಿಯಲ್ಲಿ ಸುಲ್ತಾನ್ ಕುಲಿ ಮಲಗಿದ್ದಾನೆ. ಸುತ್ತಲೂ ಅವನ ವಂಶಜರ ಗುಮ್ಮಟಗಳಿವೆ.