ಒಂದೇ ಮೆರವಣಿಗೆ ಅಮೆರಿಕದ ಹೆಂಗಸರಿಗೆ ಸಿಗರೇಟು ಕಲಿಸಿತೇ? ಎಡ್ವರ್ಡ್ ಬರ್ನೇಸ್ ಕಥೆ

ಒಬ್ಬನೇ ಮನುಷ್ಯ ಒಂದೇ ದಿನದಲ್ಲಿ ಅಮೆರಿಕದ ಹೆಂಗಸರ ಕೈಗೆ ಸಿಗರೇಟು ಕೊಟ್ಟ ಎಂಬ ಕಥೆ ನಿಮ್ಮ ಫೋನಿಗೂ ಬಂದಿರಬಹುದು. ಅದು ಅರ್ಧ ನಿಜ. ಆ ಮನುಷ್ಯನೇ ಎಡ್ವರ್ಡ್ ಬರ್ನೇಸ್.

ಹುಟ್ಟಿದ್ದು 1891ರಲ್ಲಿ, ವಿಯೆನ್ನಾದಲ್ಲಿ. ಬೆಳೆದದ್ದು ನ್ಯೂಯಾರ್ಕ್‌ನಲ್ಲಿ. ಮನೋವಿಶ್ಲೇಷಣೆಯ ಸಿಗ್ಮಂಡ್ ಫ್ರಾಯ್ಡ್ ಈತನ ತಾಯಿಯ ಅಣ್ಣ. ಫ್ರಾಯ್ಡ್ ಹೆಂಡತಿ ಈತನ ತಂದೆಯ ತಂಗಿ. ನಮ್ಮ ಲೆಕ್ಕದಲ್ಲಿ ಸೋದರಮಾವ, ಸೋದರತ್ತೆ ಇಬ್ಬರೂ ಒಂದೇ ಮನೆಯಲ್ಲಿ! ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ಮಾತ್ರ ಕೃಷಿ. ಹಿಡಿದದ್ದು ಪ್ರಚಾರದ ಕೆಲಸ.

ಲಕ್ಕಿ ಸ್ಟ್ರೈಕ್ ಸಿಗರೇಟಿನ ಕಂಪನಿಗೆ ಹೆಂಗಸರ ಮಾರುಕಟ್ಟೆ ಬೇಕಿತ್ತು. ಸಿಹಿ ತಿನ್ನುವ ಬದಲು ಸಿಗರೇಟು ಸೇದಿದರೆ ತೆಳ್ಳಗಿರಬಹುದು ಎಂಬ ಪ್ರಚಾರ ಆಗಲೇ ನಡೆದಿತ್ತು. ಆದರೆ ಹೆಂಗಸರು ರಸ್ತೆಯಲ್ಲಿ ಸೇದಿದರೆ ಜನ ಮೂಗು ಮುರಿಯುತ್ತಿದ್ದರು. ಬರ್ನೇಸ್ ಮನೋವಿಶ್ಲೇಷಕ ಎ.ಎ. ಬ್ರಿಲ್ ಅವರನ್ನು ಕೇಳಿದ. ಹೆಂಗಸರಿಗೆ ಸಿಗರೇಟು ಸ್ವಾತಂತ್ರ್ಯದ ಪಂಜಿನಂತೆ ಕಾಣಬಹುದು ಎಂಬ ಸುಳಿವು ಸಿಕ್ಕಿತು. 1929ರ ಮಾರ್ಚ್ 31, ಈಸ್ಟರ್ ಭಾನುವಾರ. ನ್ಯೂಯಾರ್ಕಿನ ಫಿಫ್ತ್ ಅವೆನ್ಯೂ ಮೆರವಣಿಗೆಯಲ್ಲಿ ಕೆಲವು ಯುವತಿಯರು ಸಿಗರೇಟು ಹಚ್ಚಿಕೊಂಡು ನಡೆದರು. ಪತ್ರಿಕೆಗಳು ಸುದ್ದಿ ಮಾಡಿದವು. ಹಿಂದೆ ಕಂಪನಿ ಇದೆ ಎಂಬುದು ಎಲ್ಲೂ ಕಾಣಲಿಲ್ಲ.

ಇಲ್ಲಿ ರುಚಿಯ ಮಾತಿಲ್ಲ, ಬೆಲೆಯ ಮಾತಿಲ್ಲ. ಸುದ್ದಿ ಓದಿದವಳಿಗೆ ಕಂಡದ್ದು ತಾನು ಆಗಬೇಕೆಂದಿದ್ದ ಹೆಣ್ಣು: ದಿಟ್ಟೆ, ಗಂಡಸಿಗೆ ಸಮಾನಳು. ಮತದಾನದ ಹಕ್ಕು ಸಿಕ್ಕಿ ಇನ್ನೂ 9 ವರ್ಷವಾಗಿತ್ತು, ಆ ಆಸೆ ಸುಳ್ಳಲ್ಲ. ಅದರ ಕೈಗೆ ಸಿಗರೇಟು ಇಟ್ಟದ್ದಷ್ಟೇ ಬರ್ನೇಸ್ ಕೆಲಸ. ಮುಂದೆ ಲಕ್ಕಿ ಸ್ಟ್ರೈಕ್‌ನ ಹಸಿರು ಪ್ಯಾಕೆಟ್ ತಮ್ಮ ಉಡುಪಿಗೆ ಒಪ್ಪುವುದಿಲ್ಲ ಎಂದು ಹೆಂಗಸರು ದೂರವಿಟ್ಟಾಗ, 1934ರಲ್ಲಿ ಹಸಿರನ್ನೇ ಫ್ಯಾಷನ್ ಮಾಡಲು ಹೊರಟ. ಶ್ರೀಮಂತರಿಗಾಗಿ ಹಸಿರು ಉಡುಪಿನ ನೃತ್ಯಕೂಟವನ್ನೇ ಏರ್ಪಡಿಸಿದ. ಪ್ಯಾಕೆಟ್ ಬಣ್ಣ ಬದಲಿಸುವುದು ಸುಲಭವಿತ್ತಲ್ಲ ಎನಿಸುತ್ತದೆ, ಆದರೆ ಕಂಪನಿಯ ಯಜಮಾನ ಒಪ್ಪಿರಲಿಲ್ಲ.

ಇನ್ನು ಸುಳ್ಳಿನ ಅರ್ಧ. ಆ ಮೆರವಣಿಗೆಗೆ ಮೊದಲೇ ಸಿಗರೇಟು ಸೇದುವ ಹೆಂಗಸರ ಸಂಖ್ಯೆ ಏರುತ್ತಿತ್ತು. ಬೇರೆ ಕಂಪನಿಗಳೂ ಅವರತ್ತ ಜಾಹೀರಾತು ಬಿಟ್ಟಿದ್ದವು. ಒಂದೇ ದಿನದ ಪವಾಡದಂತೆ ಈ ಕಥೆ ಬೆಳೆಯಲು ದೊಡ್ಡ ಕಾರಣ ಸ್ವತಃ ಬರ್ನೇಸ್. ತನ್ನ ಪ್ರಚಾರವನ್ನೂ ಆತ ಚೆನ್ನಾಗಿಯೇ ಮಾಡಿಕೊಂಡ.

1960ರ ದಶಕದಲ್ಲಿ ಆತ ಧೂಮಪಾನ ವಿರೋಧಿ ಪ್ರಚಾರಕ್ಕೆ ಕೈಜೋಡಿಸಿದ. 1995ರಲ್ಲಿ, 103ನೇ ವಯಸ್ಸಿನಲ್ಲಿ ತೀರಿಕೊಂಡ. ಹೆಂಡತಿ ಡೋರಿಸ್ ಸಿಗರೇಟು ಸೇದುತ್ತಿದ್ದಳು. ಅವಳ ಪ್ಯಾಕೆಟ್ ಸಿಕ್ಕರೆ ಒಂದೊಂದನ್ನೂ ಮುರಿದು ಟಾಯ್ಲೆಟ್‌ಗೆ ಹಾಕಿ ನೀರು ಬಿಡಿ ಎಂದು ಮಕ್ಕಳಿಗೆ ಹೇಳಿಟ್ಟಿದ್ದ.